ಸಾಲು ದಾಟಿದ ಭಾವ

ಗ್ರಂಥಾಲಯದ ಸಭಾಂಗಣದಲ್ಲಿ ಕವಿಗಳು "ಸಾವಿನಾಚೆಗೂ ನಿನ್ನ ಮೆಚ್ಚುವೆ" ಎಂದು ನಿಲ್ಲಿಸಿದಾಗ, ಮಹಾರಸಿಕನೆಂಬ ಹುಮ್ಮಸ್ಸಿನಲ್ಲಿ ನಾನೊಬ್ಬನೇ ಚಪ್ಪಾಳೆ ತಟ್ಟಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿ, ಉಸಿರೆಳೆದುಕೊಂಡು ಮುಂದಿನ ಸಾಲು ಓದಿದರು: "ನೆಂದು ಹೇಳಲು ನನಗೇನು ಹುಚ್ಚೆ?" ಸಭೆ ಗೊಳ್ಳೆಂದಿತು. ಮದುವೆಯ ಮಾತೆತ್ತಿದವರ ಬಾಯಿಗೆ ಥರ್ಮಾಮೀಟರ್ ತುರುಕುವ ದಾದಿ, ನನ್ನ ಅಕ್ಕ, ಪಕ್ಕದಲ್ಲಿ ಕೂತು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಸಾಲು ಮುಗಿದರೂ ಮಾತು ಮುಗಿಸದಿರುವುದು ಆ ಐವತ್ತರ ಬ್ರಹ್ಮಚಾರಿ ಕವಿಗೆ ಬರಿಯ ಕಾವ್ಯತಂತ್ರವಲ್ಲ, ಜೀವನಧರ್ಮ. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಇಳಿದ ಕೋಟು. ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತುವುದೋ ಬೇಡವೋ ಎಂದು ಚಿಂತಿಸುವ ನಡಿಗೆ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ. "ನಿಮ್ಮ ಎಡಗಣ್ಣು ಹೋಯ್ತು" ಎಂದು ಪರದೆಯ ಹಿಂದೆ ಮರೆಯಾಗಿ, ಗಿರಾಕಿಯ ಜೀವ ಬಾಯಿಗೆ ಬಂದ ಮೇಲೆ, ಮಸೂರ ಒರೆಸುತ್ತ ಪ್ರತ್ಯಕ್ಷರಾಗಿ "ಅಂತ ಹೆದರ್ಕೋಬೇಡಿ" ಎನ್ನುವರು.

"ಯಾಕ್ರೀ ಹೀಗೆ ಪ್ರಾಣ ಹಿಂಡ್ತೀರಿ?" ಎಂದು ಒಮ್ಮೆ ಕೇಳಿದೆ.

"ಮೆಟ್ಟಿಲಿದೆ ಅಂತ ಕಾಲಿಡ್ತೀಯ, ಇರಲ್ಲ. ಎದೆ ಧಸಕ್ಕನ್ನುತ್ತಲ್ಲ, ಪದ್ಯ ಇರೋದು ಅಲ್ಲಿ ಕಣಯ್ಯ. ನಮ್ಮ ಭಾಷೇಲಿ 'ಇಲ್ಲ' ಅನ್ನೋದು ಬಾಲದಲ್ಲಿರುತ್ತೆ. ಬಾಲಾನ ಕೆಳಗಿನ ಸಾಲಿಗೆ ಇಳಿಬಿಟ್ರೆ, ಮೇಲಿನ ಸಾಲಿಗೆ ಒಂದು ಗಳಿಗೆ ಆಸೆ ಇರುತ್ತೆ."

ಅಕ್ಕನಿಗೆ ಓದುವ ಕನ್ನಡಕ ಬೇಕಾಯಿತು. ಆಮೇಲೆ ಅದರ ಕಡ್ಡಿ ಸಡಿಲವಾಯಿತು, ವಾರವಾರವೂ. ಬೀದಿಗೆಲ್ಲ ಅರ್ಥವಾಗಿಹೋಗಿದ್ದ ಮಾತನ್ನು ಆಡಲು ಒಂದು ಭಾನುವಾರ ಕವಿಗಳು ಬೆವರುತ್ತ ನಮ್ಮ ಮನೆಗೆ ಬಂದರು. ಅಕ್ಕನೆದುರು ನಿಂತು, "ನಿಮ್ಮನ್ನ ಮದುವೆ ಆಗೋ ಯೋಗ್ಯತೆ ನನಗಿಲ್ಲ" ಎಂದವರೇ ನೀರು ಕುಡಿಯಲು ಒಳಗೆ ನಡೆದರು.

ಅಕ್ಕನ ಮುಖ ಬಿಳಿಚಿತು. "ಇದನ್ನ ಹೇಳೋಕೆ ಇಷ್ಟು ದೂರ ಬರಬೇಕಿತ್ತಾ?" ಎಂದು ಎದ್ದೇಬಿಟ್ಟಳು.

ನಾನು ಅವಳ ಕೈ ಹಿಡಿದೆ. "ತಡಿಯೇ ಮಾರಾಯ್ತಿ, ಮುಗಿದಿರೋದು ಸಾಲು ಮಾತ್ರ!"

ಒಳಗೆ ಲೋಟ ಇಟ್ಟ ಸದ್ದಾಯಿತು. ಕವಿಗಳು ಬಾಯಿ ಒರೆಸಿಕೊಳ್ಳುತ್ತ ಬಂದರು. "ಅಂತ ಎಲ್ಲರೂ ಹೇಳ್ತಾರೆ. ನನಗೇನೋ ಇದೆ ಅನ್ಸುತ್ತೆ."

ಕವಿಗಳಲ್ಲಿ ಇಂಥದೊಂದು ಪಂಗಡವಿದೆ. ಕೇಳುವವರು ಕೊನೆಯವರೆಗೂ ಕಾದಾರೆಂಬ ನಂಬಿಕೆಯೊಂದೇ ಅವರ ಆಸ್ತಿ. ಲೋಕವೋ, ಅರ್ಧಕ್ಕೇ ಎದ್ದುಹೋಗುವ ಜಾತಿಯದು.

ಅಕ್ಕ ಮತ್ತೆ ಕೂತಳು. ನಗುವನ್ನು ತುಟಿಯಲ್ಲೇ ಅದುಮಿಕೊಂಡು ಕೇಳಿದಳು: "ಅಲ್ರೀ, ನಾನು ಅಷ್ಟಕ್ಕೇ ಬಾಗಿಲು ತೋರಿಸಿದ್ರೆ ಏನ್ ಮಾಡ್ತಿದ್ರಿ?"

"ಗದ್ಯ ಬರೀತಿದ್ದೆ" ಎಂದರು.