ಇಪ್ಪತ್ತೆರಡು ದಿನದ ತಮ್ಮ

ಡಾಕ್ಟರಮ್ಮ ಬೀರುವಿನಿಂದ ಗಾಜಿನ ಜಾಡಿಯೊಂದನ್ನು ಇಳಿಸಿ ಕಿಟಕಿಯ ಬಳಿಯ ಮೇಜಿನ ಮೇಲಿಟ್ಟರು. ಮಾಸಲು ನೀರಿನಲ್ಲಿ ನಿಂಬೆಹಣ್ಣಿಗಿಂತ ಚಿಕ್ಕದಾದ ಹೃದಯ. ಎದುರಿಗೆ ತಾಯಿ, ಮಗಳು ನಿಂತಿದ್ದರು. ಹೃದಯ ಮಗಳ ತಮ್ಮನದು; ಅವನು ಇಪ್ಪತ್ತೆರಡನೆಯ ದಿನಕ್ಕೆ ತೀರಿಕೊಂಡಾಗ ಅವಳಿಗೆ ಎಂಟು ವರ್ಷ, ಈಗ ಐವತ್ತೆಂಟು. ಹಳೆಯ ಹೃದಯಗಳ ಫೋಟೊ ತೆಗೆಯಲು ಮನೆಯವರ ಒಪ್ಪಿಗೆ ಬೇಕೆಂದು ವೈದ್ಯಕೀಯ ಕಾಲೇಜಿನಿಂದ ಪತ್ರ ಬಂದಿತ್ತು. ಮಗಳು ತಾಯಿಯನ್ನು ಕೈಹಿಡಿದು ಕರೆತಂದಿದ್ದಳು.

"ಇಲ್ನೋಡಿ, ಹೃದಯದಿಂದ ಹೊರಡೋ ಎರಡು ದೊಡ್ಡ ರಕ್ತನಾಳ ಅದಲುಬದಲಾಗಿವೆ. ಮೈಯಿಂದ ಬಂದ ರಕ್ತ ಶ್ವಾಸಕೋಶಕ್ಕೆ ಹೋಗದೆ ಮತ್ತೆ ಮೈಗೇ ಹೋಗ್ತಿತ್ತು. ಈಗಾದ್ರೆ ಹುಟ್ಟಿದ ವಾರ ಎರಡು ವಾರದಲ್ಲೇ ಆಪರೇಷನ್ ಮಾಡ್ತೀವಿ. ಯಾರೂ ಕೈಯಿಡದ ಇಂಥ ಹೃದಯ ಇನ್ನೆಲ್ಲಿ ನೋಡೋಕೆ ಸಿಗುತ್ತೆ ಹೇಳಿ?"

ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಎತ್ಕೊಂಡಿದ್ದಕ್ಕೆ ಆಗಿದ್ದಲ್ವಾ?"

"ಅಂದ್ರೆ?"

"ಯಾರಾದ್ರೂ ಬಿಗಿಯಾಗಿ ಅವಚ್ಕೊಂಡು... ಉಸಿರುಕಟ್ಟಿ ನೀಲಿಯಾಗಿ..."

"ಇಲ್ಲಮ್ಮ. ಯಾರು ಎತ್ಕೊಂಡ್ರೂ ಬಿಟ್ರೂ ಅದು ಉಳೀತಿರ್ಲಿಲ್ಲ."

ತಮ್ಮ ತೀರಿಕೊಂಡ ಆ ಮಧ್ಯಾಹ್ನ ತಾಯಿ ಸ್ನಾನಕ್ಕೆ ಹೋಗಿದ್ದಾಗ ಕೂಸು ಮಗಳ ಮಡಿಲಲ್ಲಿತ್ತು. ಯಾರೂ ಅವಳನ್ನು ಬೈಯಲಿಲ್ಲ. ಯಾರೂ ಏನೂ ಹೇಳಲೂ ಇಲ್ಲ. ಆಮೇಲೆ ತನ್ನ ಮಕ್ಕಳಿಗೂ ಹಾಲು ಕುಡಿಸಿದ ಕೂಡಲೇ ತೊಟ್ಟಿಲಿಗೆ ಹಾಕಿಬಿಡುತ್ತಿದ್ದಳು. ಮೊಮ್ಮಕ್ಕಳನ್ನು ಯಾರಾದರೂ ಮುಂದೆ ಹಿಡಿದರೆ, "ಕೈಯಲ್ಲಿ ಸೂಜಿ ಇದೆ" ಎನ್ನುತ್ತಿದ್ದಳು. ಬಟ್ಟೆ ಹೊಲಿಯುವವಳು, ಸೂಜಿ ಇದ್ದೇ ಇರುತ್ತಿತ್ತು. ಅವಳಿಗೆ ಹೊಲಿಗೆ ಮೆಷೀನೇ ಕೂಸು ಎಂದು ಮನೆಯವರು ನಗುತ್ತಿದ್ದರು.

ತಾಯಿ ಜಾಡಿಯಿಂದ ಕಣ್ಣು ತೆಗೆದು ಮಗಳತ್ತ ತಿರುಗಿದಳು. "ಏನಂದೆ? ನೀನು ಎತ್ಕೊಂಡಿದ್ದಕ್ಕಾ?"

ಮಗಳು ಬೆರಳಿಗೆ ಸುತ್ತಿದ ಸೆರಗನ್ನು ಇನ್ನೂ ಬಿಗಿದಳು.

"ಅಯ್ಯೋ, ಹೃದಯದಲ್ಲೇ ದೋಷ ಅಂತ ಆವತ್ತೇ ಡಾಕ್ಟ್ರು ಹೇಳಿದ್ರಲ್ಲೇ. ಅದಕ್ಕೇ ಅಲ್ವಾ ನಾನು ಇದನ್ನ ಕಾಲೇಜಿಗೆ ಕೊಟ್ಟಿದ್ದು."

"ನಂಗ್ಯಾಕೆ ಹೇಳಲಿಲ್ಲ?"

"ಸಣ್ಣ ಹುಡುಗಿ, ನಿನ್ನ ಮುಂದೆ ಯಾಕೆ ಆಡೋದು ಅಂತ..." ತಾಯಿ ಮೇಜಿನ ಅಂಚು ಹಿಡಿದುಕೊಂಡಳು. "ಇಷ್ಟು ವರ್ಷ ಒಂದ್ಸಲನಾದ್ರೂ ಕೇಳಬಾರದಿತ್ತೇನೇ?"

ಡಾಕ್ಟರಮ್ಮ ಕುರ್ಚಿ ಎಳೆದು ಕೊಟ್ಟರು. ತಾಯಿ ಕೂರಲಿಲ್ಲ. ಕಾಗದಕ್ಕೆ ಇಬ್ಬರೂ ಸಹಿ ಹಾಕಿದರು.

ಹೊರಗೆ ರಸ್ತೆ ದಾಟುವಾಗ ತಾಯಿ ಮಗಳ ಮಣಿಕಟ್ಟನ್ನು ಹಿಡಿದುಕೊಂಡಳು. "ನೋಡ್ಕೊಂಡು ಬಾ," ಎಂದಳು, ಎಂಟು ವರ್ಷದವಳಿಗೆ ಹೇಳುವಂತೆ. ಆಚೆ ಬದಿ ಸೇರಿ, ಬಸ್ಸು ಬಂದು, ಸೀಟು ಸಿಕ್ಕಿದ ಮೇಲೂ ಕೈ ಬಿಡಲಿಲ್ಲ.