ಹದಿನೈದು ದಿನ ಒಣಗಿಸಿದ ಬೆರಳು

“ಮಿಷನ್ ಒಡೆದು ಹಾಕ್ಲೇನಮ್ಮ? ನಿನ್ ಹೆಬ್ಬೆಟ್ಟು ತಗೊಳ್ದೆ ಹೋದ್ರೆ ನಾನೇನ್ ಮಾಡ್ಲಿ!”

ನಾನು ಕೂಗಿದ್ದು ರಸ್ತೆಯವರೆಗೂ ಕೇಳಿರಬೇಕು. ಶರ್ಫುನ್ನೀಸಾ ಕದಲಲಿಲ್ಲ. ರಾಮನಗರದಲ್ಲಿ ನನ್ನ ರೇಷನ್ ಅಂಗಡಿಯ ಬೀದಿಯವರು ಮುಕ್ಕಾಲು ಪಾಲು ರೇಷ್ಮೆ ನೂಲು ತೆಗೆಯುವವರು. ದಿನವಿಡೀ ಕುದಿನೀರಿನಲ್ಲಿ ಗೂಡು ಕಲಕಿ ಎಳೆ ಹಿಡಿದು, ಬೆರಳಿನ ಗೆರೆಗಳೇ ಸವೆದುಹೋಗಿರುತ್ತವೆ. ನಾಲ್ಕನೇ ಸಲವೂ ಅವಳಿಗೆ ಕೆಂಪು ದೀಪವೇ ಬಂತು.

“ಯೋಗಾನಂದಣ್ಣ, ಕೂಗಾಡ್ಬೇಡಿ,” ಅಂದಳು ಮಮತಾ. ಬೆರಳು ಹಿಡಿಯದಿದ್ದರೆ ಪುಸ್ತಕದಲ್ಲಿ ಬರೆದುಕೊಂಡೇ ಅಕ್ಕಿ ಕೊಡಬೇಕು, ನೂಲಿನವರಿಗೆ ಕೈ ಸುಡದ ಯಂತ್ರ, ಹೊಟ್ಟೆ ತುಂಬುವ ಕೂಲಿ ಕೊಡಿಸಬೇಕು ಎಂದು ಸರ್ಕಾರಕ್ಕೆ ಅರ್ಜಿ ಹಾಕಲು ಅಂಗಡಿಯಲ್ಲೇ ಕೂತು ಹೇಳಿಕೆ ಬರೆದುಕೊಳ್ಳುತ್ತಿದ್ದ ಕಾರ್ಮಿಕ ಸಂಘದವಳು.

“ನೀವು ಬರ್ಕೊಂಡು ಎದ್ದೋಯ್ತೀರ. ಬಯ್ಸ್ಕೊಳೋನು ನಾನು!”

“ನೀವು ಹೇಳ್ದಂಗೇ ಮಾಡಿದೀನಲ್ಲ ಅಣ್ಣ,” ಅಂದಳು ಶರ್ಫುನ್ನೀಸಾ.

“ನಾನೇನ್ ಹೇಳ್ದೆ?”

“ಹತ್ತು ದಿನ ನೀರಿಗೆ ಕೈ ಹಾಕ್ಬೇಡ, ಚರ್ಮ ಬೆಳೀತದೆ, ಆಮೇಲೆ ಬಾ ಅಂದ್ರಿ. ಹೋದ ತಿಂಗ್ಳು ಹಂಗೇ ಕೆಲ್ಸ ಬಿಟ್ಟೆ, ಬೆರಳು ಹಿಡೀತು. ಈ ಸಲ ಹದಿನೈದು ದಿನ ಬಿಟ್ಟಿದೀನಿ.”

ಮಮತಾಳ ಪೆನ್ನು ನಿಂತಿತು. “ಕೆಲ್ಸ ಬಿಟ್ರೆ ಊಟಕ್ಕೆ?”

“ಊಟಕ್ಕೇ ಅಲ್ವಾ ಬಿಟ್ಟಿದ್ದು? ಮಗ್ಳು ಜಾರಾ ಸ್ಕೂಲಲ್ಲಿ ತಿಂತಿದ್ಲು. ನಾನು ಟೀ ಕುಡ್ಕೊಂಡಿದ್ದೆ. ಈಗ ಸ್ಕೂಲಿಗೂ ರಜ. ಮೂರು ದಿನದಿಂದ ಮಗೂಗೂ ಟೀನೇ.”

ಕ್ಯೂ ಕರಗಲಿ ಎಂದು ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದ್ದೆ, ಅಷ್ಟೆ. ಆ ಮಾತು ನೆನಪಲ್ಲೂ ಇರಲಿಲ್ಲ.

“ಇನ್ನೂ ಯಾರಿಗೆ ಹೇಳಿದ್ರಿ ಹಿಂಗೆ?” ಅಂದಳು ಮಮತಾ.

ಹಾಜಿರಾಗೆ. ಆಯಿಷಾಗೆ. ಮತೀನನ ತಾಯಿಗೆ. ಮುಂದೆ ಯೋಚಿಸಲು ಹೆದರಿಕೆಯಾಯಿತು. ಹಸಿವಿಗೆ ಔಷಧಿ ಅಂತ ಉಪವಾಸ ಬರೆದುಕೊಟ್ಟಿದ್ದೆ ನಾನು, ಅದೂ ಅಕ್ಕಿ ಮೂಟೆಗಳ ನಡುವೆ ಕೂತು.

ಶರ್ಫುನ್ನೀಸಾ ಖಾಲಿ ಚೀಲ ಮಡಚಿದಳು. “ನೀರಿಗೇ ಕೈ ಹಾಕ್ತೀನಿ. ಸಂಜೆಗೆ ಕೂಲಿನಾದ್ರೂ ಸಿಕ್ತದೆ.”

“ನಿಲ್ಲು ಕಣಮ್ಮ! ನನ್ನ ಮನೇದು ಕೊಡ್ತೀನಿ!”

“ನಿಮ್ಮನೇದು ಎಷ್ಟ್ ದಿನ ಕೊಡ್ತೀರ ಅಣ್ಣ?”

ಮೆಟ್ಟಿಲಿಳಿದು ಹೋದಳು. ನಾನು ರಸ್ತೆಗೆ ಓಡಿ ಕೂಗಿದೆ. ತಿರುಗಲಿಲ್ಲ.

ಮುಂದಿನ ತಿಂಗಳು ಅವಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ.