ಮಡಿಲಲ್ಲಿ ಉಳಿದ ಪೆಟ್ಟಿಗೆ

ನಿಂತವರ ಚೀಲ ಕೂತವರ ಮಡಿಲಿಗೆ. ಕಾಸರಗೋಡಿನ ಬಸ್ಸಿನಲ್ಲಿ ಅದಕ್ಕೆ ಗುರುತು ಪರಿಚಯ ಬೇಕಿಲ್ಲ. ಉನೈಸನೂ ತನ್ನ ಥರ್ಮೋಕೋಲ್ ಪೆಟ್ಟಿಗೆಯನ್ನು ಬಾಗಿಲ ಪಕ್ಕದ ಸೀಟಿನ ಹೆಂಗಸಿಗೆ ಕೊಟ್ಟ.

"ಅಕ್ಕಾ, ಸ್ವಲ್ಪ ಹಿಡ್ಕೊಳ್ಳಿ. ರಕ್ತ ಉಂಟು ಅದರಲ್ಲಿ. ಹೆಂಡತಿ ಚೆರ್ಕಳದ ಆಸ್ಪತ್ರೆಯಲ್ಲಿ. ಹೆರಿಗೆ ಆಯ್ತು, ರಕ್ತ ಹೋಗುವುದು ನಿಲ್ತಾ ಇಲ್ಲ."

"ಅಯ್ಯೋ ದೇವರೇ, ಕೊಡಿ ಕೊಡಿ!" ಆಕೆ ತನ್ನ ಬುತ್ತಿಚೀಲವನ್ನು ಕಾಲಡಿಗೆ ತಳ್ಳಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

ಹೆಂಡತಿ ಅಫೀಫಾಳ ಗುಂಪಿನ ರಕ್ತ ಆವತ್ತು ಇಡೀ ಪೇಟೆಯಲ್ಲಿ ಸಿಕ್ಕಿದ್ದು ಅದೊಂದೇ.

ಅಣಂಗೂರಿನಲ್ಲಿ ಇಳಿಯುವವರಿಗೆ ದಾರಿ ಬಿಡಲು ಉನೈಸ್ ಕೆಳಗಿಳಿದ. ಮೆಟ್ಟಿಲಲ್ಲಿ ನಿಂತವನು ಅಷ್ಟಾದರೂ ಮಾಡಬೇಡವೇ? ಮರಳಿ ಕಾಲಿಡುವ ಮೊದಲೇ ಹೊರಡಲು ಡಬಲ್ ಬೆಲ್ ಬಿತ್ತು. "ನಿಲ್ಸೀ!" ಎಂದು ಓಡಿದ. ಒಂದು ಚಪ್ಪಲಿ ರಸ್ತೆಯಲ್ಲಿ ಉಳಿಯಿತು, ಬಸ್ಸು ಉಳಿಯಲಿಲ್ಲ.

ಸಿಕ್ಕಿದ ರಿಕ್ಷಾಕ್ಕೆ ಹಾರಿದ. "ಕಾಕಾ, ಆ ಬಸ್ಸು ಹಿಡೀರಿ. ಯಾರು ಕೈ ತೋರಿಸಿದ್ರೂ ನಿಲ್ಲಿಸ್ಬೇಡಿ!"

ನಾಯಮ್ಮಾರಮೂಲೆಯಲ್ಲಿ ಬಸ್ಸಿಗೆ ಅಡ್ಡ ಹಾಕಿ ಹತ್ತಿ ನೋಡಿದರೆ ಆ ಸೀಟಿನಲ್ಲಿ ಬೇರೆ ಯಾರೋ. ಕಂಡಕ್ಟರ್ ಭುಜಂಗ ಹಣೆ ಹಣೆ ಚಚ್ಚಿಕೊಂಡ.

"ಎಂತ ಮಾರಾಯ ನೀನು! ನೀನು ಹಿಂದಿನಿಂದ ಬಂದೇ ಬರ್ತೀ ಅಂತ ಈ ಸೀಟಿನ ವಸುಮತಿಯಕ್ಕ ಪೆಟ್ಟಿಗೆ ಹಿಡ್ಕೊಂಡು ವಿದ್ಯಾನಗರದಲ್ಲಿ ಇಳಿದ್ರು. ಕಾಣ್ಲಿಲ್ವಾ?"

ರಿಕ್ಷಾದ ಕಾಕಾ ತಲೆ ತಗ್ಗಿಸಿದರು. "ಒಬ್ಬಳು ಹೆಂಗಸು ರಸ್ತೆಯ ಮಧ್ಯಕ್ಕೇ ಬಂದು ಕೈ ಬೀಸಿದ್ದಳು, ಮೋನೇ. ನಿಲ್ಲಿಸ್ಬೇಡಿ ಅಂದದ್ದು ನೀನೇ ಅಲ್ವಾ?"

ತಿರುಗಿ ವಿದ್ಯಾನಗರಕ್ಕೆ ಬಂದರೆ ಬಸ್‌ಸ್ಟಾಪು ಖಾಲಿ. "ಅಳ್ತಾ ಇದ್ರಪ್ಪ. ಯಾವುದೋ ರಿಕ್ಷಾ ಹತ್ತಿದ್ರು," ಅಂದ ಎಳನೀರಿನವನು. "ಯಾವ ಕಡೆಗೆ ಅಂತ ನೋಡ್ಲಿಲ್ಲ."

ಯಾರನ್ನು ಬೈಯುವುದು? ಎಲ್ಲರೂ ಒಳ್ಳೆಯದನ್ನೇ ಮಾಡಿದ್ದರು. ಇನ್ನು ಹುಡುಕುವ ಜಾಗವಿಲ್ಲದೆ, ಬರಿಗೈಯಲ್ಲಿ, ಒಂಟಿ ಚಪ್ಪಲಿಯಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ. ಅಲ್ಲಿ ಕಾದು ಕೂತಿರುವ ಹೆತ್ತ ಉಮ್ಮನಿಗೆ ಎಂತ ಹೇಳುವುದು?

ಹೆರಿಗೆ ಕೋಣೆಯ ಹೊರಗಿನ ಬೆಂಚಿನಲ್ಲಿ ಅವನ ಉಮ್ಮ ಬೀವಿ, ಪಕ್ಕದಲ್ಲಿ ವಸುಮತಿ. ಆಕೆಯ ಮಡಿಲು ಖಾಲಿ.

"ಪೆಟ್ಟಿಗೆ ಎಲ್ಲಿ ಅಕ್ಕಾ?" ಅವನು ಬೆಂಚಿನ ಕೆಳಗೆ ಬಗ್ಗಿ ನೋಡಿದ. "ಬಿತ್ತಾ?"

"ಒಳಗೆ ಕೊಟ್ಟೆ. ಚೆರ್ಕಳ ಅಂತ ನೀವೇ ಹೇಳಿದ್ದಲ್ವಾ? ನೀವು ನಿಲ್ಲಿಸದೆ ಹೋದ ಮೇಲೆಯೇ ನೆನಪಾದದ್ದು ನನಗೆ. ಮೊದಲೇ ಇಲ್ಲಿಗೆ ಬರಬೇಕಿತ್ತು."

"ತಡ ಆಯ್ತು ಅಂತ ಡಾಕ್ಟ್ರು ಬೈದ್ರು ಮೋನೇ," ಅಂದಳು ಬೀವಿ. ವಸುಮತಿಯ ಮಣಿಕಟ್ಟನ್ನು ಆಕೆ ಬಿಟ್ಟಿರಲಿಲ್ಲ. ಆಫೀಸಿಗೆ ಹೊತ್ತಾಯಿತೆಂದು ವಸುಮತಿಯೂ ಹೇಳಲಿಲ್ಲ. ಮೂವರೂ ಬಾಗಿಲು ನೋಡುತ್ತ ಕೂತರು. ಒಳಗೆ ಯಾರೋ ಓಡಿದರು. ಮತ್ತೆ ಎಷ್ಟೋ ಹೊತ್ತು ಏನೂ ಇಲ್ಲ.

ಕಡೆಗೆ ಬಾಗಿಲು ತೆರೆಯಿತು. "ಅಫೀಫಾಳ ಕಡೆಯವರು!"

ಉನೈಸ್ ಬೆಂಚಿನ ಅಂಚು ಹಿಡಿದು ಕೂತೇ ಇದ್ದ. ಬೀವಿ ಎದ್ದು ಹೋದಳು. ನರ್ಸ್ ಏನೋ ಹೇಳಿದಳು. ಅವನ ಕಿವಿಗೆ ಬಿದ್ದದ್ದು ಬರೀ ಸದ್ದು.

"ಅಕ್ಕಾ, ಎಂತ ಹೇಳಿದ್ರು? ನೀವು ಹೇಳಿ."

ವಸುಮತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಣ್ಣು ಬಿಟ್ಟಳಂತೆ ಮಾರಾಯ. ನೀರು ಕೇಳ್ತಿದ್ದಾಳಂತೆ."